ದೇವಜನರಾಗಿ ಬದುಕುವುದು: ಸಭೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಕಿರಾಣಿ ಅಂಗಡಿ. ಭಾನುವಾರ ನಮ್ಮ ಸಭೆಯ, ಅಂದರೆ ಚರ್ಚಿನ, ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗೆ ಸತ್ಯವೇದ, ಅಂದರೆ ಬೈಬಲ್, ಕಲಿಸುತ್ತೇನೆ. ಮನೆಕೂಟಕ್ಕೆಂದು ಧಾರವಾಡ, ಗದಗ, ಹಾವೇರಿ ಕಡೆಗೂ ಹೋಗುವುದುಂಟು. ಅಪೊಸ್ತಲನಾದ ಪೌಲ ಮೊದಮೊದಲ ಸಭೆಗಳಿಗೆ ಬರೆದ ಪತ್ರಿಕೆ, ಅಂದರೆ ಪತ್ರ, ಓದಲು ತೆಗೆದರೆ ಮೊದಲ ಸಾಲುಗಳಲ್ಲೇ ಜನ ನನ್ನನ್ನು ನಿಲ್ಲಿಸುತ್ತಾರೆ. "ದೇವಜನರಿಗೆ" ಅಂತ ಬರೆದಿದ್ದಾನಲ್ಲ, ಅವರು ಯಾರು? ನಾವಾ? ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ, ಕೂಟದ ಚಹಾದ ಹೊತ್ತಿನಲ್ಲಿ, ಕೆಲವು ಸಲ ಪತ್ರ ಬರೆದು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಇಟ್ಟಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ನಾನು ಪಾಸ್ಟರ್ ಅಲ್ಲ. ಓದಿದ್ದು, ಬದುಕಿನಲ್ಲಿ ಪಟ್ಟು ಬಿಡದೆ ನನ್ನನ್ನು ಕಾಡಿದ್ದು, ಎರಡನ್ನೂ ಸೇರಿಸಿ ಹೇಳುತ್ತಿದ್ದೇನೆ.

ಮೊದಲು ಕೇಳುವ ಪ್ರಶ್ನೆಗಳು

"ಸಂತರು ಅಂದ್ರ ಶರೀಫಜ್ಜನಂಥವರು. ಹೊಲ ಮನಿ ನೋಡಿಕೊಂಡು ಇರೋ ನಾವು ಹ್ಯಾಂಗ ಸಂತರ ಆಗ್ತೀವ್ರಿ?"

ನಮ್ಮ ಕಡೆ ಇದು ಸಹಜವಾದ ಪ್ರಶ್ನೆ. ಶಿಶುನಾಳ ಹಾವೇರಿ ಜಿಲ್ಲೆಯಲ್ಲೇ ಇದೆ. ಸಂತ ಅಂದ ಕೂಡಲೇ ತಂಬೂರಿ ಹಿಡಿದು ಎಲ್ಲ ಬಿಟ್ಟು ನಡೆದ ಒಬ್ಬ ಹಿರಿಯರ ರೂಪ ಕಣ್ಣ ಮುಂದೆ ಬರುತ್ತದೆ. ಆ ಶರೀಫಜ್ಜನೂ ಒಂದು ಕಾಲಕ್ಕೆ ಶಾಲೆಯ ಮಾಸ್ತರರಾಗಿದ್ದವರು, ಸಂಸಾರ ಮಾಡಿದವರು ಅನ್ನುವುದನ್ನು ನಾವು ಮರೆಯುತ್ತೇವೆ.

ದೇವಜನರು, ಸಂತರು ಅಂತ ನಾವು ಹೇಳುವ ಕಡೆ ಪೌಲ ಬರೆದ ಗ್ರೀಕ್ ಮಾತು "ಹಾಗಿಯೊಸ್". ಅದರ ಹಿಂದೆ ಹೀಬ್ರೂ ಭಾಷೆಯ "ಕಾದೋಶ್" ಇದೆ. ಎರಡರ ಅರ್ಥವೂ ಒಂದೇ: ದೇವರಿಗಾಗಿ ಬೇರೆ ತೆಗೆದಿಟ್ಟದ್ದು. ನಮ್ಮ ಹಳೆಯ ಕನ್ನಡ ಸತ್ಯವೇದ ಇದನ್ನು "ದೇವಜನರು" ಅಂದಿತು. ಒಳ್ಳೆಯ ಮಾತು. ಆದರೆ ಅರ್ಥ ತಟ್ಟನೆ ಹೊಳೆಯಬೇಕಾದರೆ ನಾನು ಇನ್ನೊಂದು ಪದ ಹೇಳುತ್ತೇನೆ: ಮೀಸಲು.

ಜೋಳ ಬೆಳೆಯುವ ಮನೆಯವರಿಗೆ ಇದು ಗೊತ್ತು. ಸುಗ್ಗಿಯಲ್ಲಿ ಒಳ್ಳೆಯ ತೆನೆ ಆರಿಸಿ, ಒಣಗಿಸಿ, ಬೂದಿ ಕಲಸಿ, ಗಡಿಗೆಗೆ ತುಂಬಿ ಬಾಯಿ ಕಟ್ಟುತ್ತಿದ್ದರು. ಅದು ಬೀಜದ ಜೋಳ. ಮನೆಯಲ್ಲಿ ಎಷ್ಟೇ ಹಸಿವಿದ್ದರೂ ಆ ಗಡಿಗೆಗೆ ಕೈ ಹಾಕುವಂತಿರಲಿಲ್ಲ. ಅದೂ ಅದೇ ಹೊಲದ ಜೋಳವೇ, ರೊಟ್ಟಿ ಮಾಡಿದರೆ ಅದೇ ರುಚಿ. ಆದರೆ ಅದರ ಕೆಲಸ ಬೇರೆ. ಇನ್ನೊಂದು ಮಾತು. ಅದನ್ನು ಗಡಿಗೆಯಲ್ಲೇ ಇಡಲಿ ಅಂತ ಮೀಸಲಿಟ್ಟಿದ್ದಲ್ಲ, ಮಣ್ಣಿಗೆ ಹಾಕಲಿ ಅಂತ. ದೇವರು ನಮ್ಮನ್ನು ತೆಗೆದಿಟ್ಟಿದ್ದೂ ಹಾಗೆ. ಜನರಿಂದ ದೂರ ಇರಲಿ ಅಂತಲ್ಲ.

ಹೊಸ ಒಡಂಬಡಿಕೆಯಲ್ಲಿ ಈ ಮಾತು ವಿಶ್ವಾಸಿಗಳಿಗೆ ಸುಮಾರು 60 ಸಲ ಬರುತ್ತದೆ. ಹೆಚ್ಚುಕಮ್ಮಿ ಎಲ್ಲ ಕಡೆ ಬಹುವಚನ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಕೊನೆಗೆ ಒಮ್ಮೆ ಏಕವಚನ ಬರುತ್ತದೆ, ಅಲ್ಲೂ "ಪ್ರತಿಯೊಬ್ಬನಿಗೂ ವಂದನೆ ಹೇಳಿರಿ" ಅಂತ. ಒಬ್ಬನೇ ಗುಡ್ಡ ಏರಿ ಕೂತ ಸಂತನ ಚಿತ್ರ ಪೌಲನ ಪತ್ರಿಕೆಗಳಲ್ಲಿ ಇಲ್ಲ. ಅದು ಸಂಸಾರ, ಕಸುಬು, ಸಾಲ ಇದ್ದ ಒಂದು ಗುಂಪಿನ ಹೆಸರು. ನಮ್ಮ ನಾಡಿನವರಿಗೆ "ಶರಣರು" ಅನ್ನುವ ಮಾತಿನ ಧಾಟಿ ಗೊತ್ತಲ್ಲ, ದೋಣಿ ನಡೆಸಿದ ಅಂಬಿಗರ ಚೌಡಯ್ಯನೂ ಶರಣನೇ. ವಿಶ್ವಾಸ ಬೇರೆ, ಆದರೆ ಕಸುಬಿನಲ್ಲಿರುವವರನ್ನೇ ಹೀಗೆ ಕರೆಯುವುದು ನಮ್ಮ ಕಿವಿಗೆ ಹೊಸದೇನಲ್ಲ.

"ನಮ್ಮ ಸಭ್ಯಾಗ ಕಮಿಟಿ ಇಲೆಕ್ಷನ್ ಬಂದ್ರ ಮಾತು ಬಿಡ್ತಾರ. ಇವರನ್ನ ದೇವಜನ ಅನ್ನೂದು ಸರೀನ?"

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯನ್ನು ಒಂದೇ ಕೂರಿಕೆಯಲ್ಲಿ ಓದಿ ನೋಡಿ. ಎರಡನೆಯ ವಚನದಲ್ಲೇ ಪೌಲ ಅವರನ್ನು ದೇವಜನರು ಅಂತ ಕರೆಯುತ್ತಾನೆ. ಹತ್ತು ವಚನ ದಾಟುವುದರೊಳಗೆ "ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು" ಅಂತ ಪಂಗಡ ಕಟ್ಟಿದ ಸುದ್ದಿ ಬರುತ್ತದೆ. ಐದನೆಯ ಅಧ್ಯಾಯದಲ್ಲಿ ಮನೆತನದ ಮರ್ಯಾದೆ ಕಳೆದ ಸಂಗತಿ. ಆರರಲ್ಲಿ ಅಣ್ಣತಮ್ಮಂದಿರ ಕೋರ್ಟು ಕಚೇರಿ. ಹನ್ನೊಂದರಲ್ಲಿ ಉಳ್ಳವರು ಮೊದಲೇ ತಿಂದು ಕುಡಿದು, ಇಲ್ಲದವರು ಹಸಿದು ಕೂತ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ಸಭೆ ಹಂಚಿಕೊಳ್ಳುವ ರೊಟ್ಟಿ, ದ್ರಾಕ್ಷಾರಸ.

ಪೌಲನಿಗೆ ಇದೆಲ್ಲ ಗೊತ್ತಿದ್ದೇ ಆ ಹೆಸರಿನಿಂದ ಕರೆದ. ಒಳ್ಳೆಯವರಾದ ಮೇಲೆ ಕೊಟ್ಟ ಬಿರುದಲ್ಲ ಅದು. ಕ್ರಿಸ್ತನವರು ಅನ್ನುವ ಕಾರಣಕ್ಕೆ ಮೊದಲೇ ಬಂದ ಹೆಸರು. ಹೆಸರು ಕೊಟ್ಟ ಮೇಲೆ ಹದಿನಾರು ಅಧ್ಯಾಯ ಅವರನ್ನು ಬೈದು, ಬೇಡಿಕೊಂಡು, ತಿದ್ದಿದ. ನಮ್ಮ ಸಭೆಯನ್ನೂ ಇದೇ ಕ್ರಮದಲ್ಲಿ ನೋಡಬೇಕು ಅಂತ ನನಗೆ ಅನಿಸುತ್ತದೆ. ಮೊದಲು ನಮ್ಮವರು, ಆಮೇಲೆ ತಿದ್ದುವ ಮಾತು.

"ಹೆಸರು ಮೊದಲ ಸಿಕ್ಕೈತಿ ಅಂದ್ರ ಹ್ಯಾಂಗ ನಡೆದ್ರೂ ನಡೀತದೇನು?"

ಇಲ್ಲ. ಪೌಲನಿಗೂ ಇದೇ ಪ್ರಶ್ನೆ ಹಾಕಿದ್ದರು. ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ ಅದಕ್ಕೆ ಉತ್ತರ. ಎಫೆಸದವರಿಗೆ "ದೇವಜನರಿಗೆ ತಕ್ಕ ಹಾಗೆ" ಅಂತ ಬರೆದ. ರೋಮಾಪುರದವರಿಗೆ ಫೊಯಿಬೆ ಎಂಬ ಹೆಣ್ಣುಮಗಳನ್ನು ದೇವಜನರಿಗೆ ತಕ್ಕಂತೆ ಬರಮಾಡಿಕೊಳ್ಳಿ ಅಂದ. ಮನೆತನದ ಹೆಸರು ಹುಟ್ಟುತ್ತಲೇ ಬರುತ್ತದೆ, ಆ ಹೆಸರು ಉಳಿಸುವ ಕೆಲಸ ಆಯುಷ್ಯ ಪೂರ್ತಿ ಇರುತ್ತದೆ. ಅಷ್ಟೇ ವ್ಯತ್ಯಾಸ.

"ಕೆಥೋಲಿಕರು ಸಂತ ಅಂತೋಣಿ, ಸಂತ ಜೋಸೆಫ್ ಅಂತಾರಲ್ಲ. ಅದು ಬ್ಯಾರೆ ಏನು?"

ಪದ ಒಂದೇ, ಬಳಕೆ ಬೇರೆ. ಕಥೋಲಿಕ ಸಭೆಯಲ್ಲಿ ಒಬ್ಬರ ಬದುಕನ್ನು ವರ್ಷಗಟ್ಟಲೆ ಪರಿಶೀಲಿಸಿ, ಕೊನೆಗೆ ಪೋಪ್ ಅವರನ್ನು ಸಂತರೆಂದು ಸಾರುತ್ತಾರೆ. ಪೋಪ್ ಹೀಗೆ ಸಾರಿದ ಮೊದಲ ದಾಖಲೆ 993ರದು, ಆಗ್ಸ್‌ಬರ್ಗಿನ ಉಲ್ರಿಕ್ ಎಂಬ ಬಿಷಪ್ಪರದು. ನಮ್ಮ ಕರಾವಳಿಯಲ್ಲಿ ದುಡಿದು ಆಮೇಲೆ ಶ್ರೀಲಂಕಾಕ್ಕೆ ಹೋದ ಗೋವಾದ ಜೋಸೆಫ್ ವಾಜ್ ಅವರನ್ನು 2015ರಲ್ಲಿ ಸಂತರೆಂದು ಸಾರಿದರು. 2022ರಲ್ಲಿ ಕನ್ಯಾಕುಮಾರಿ ಕಡೆಯ ದೇವಸಹಾಯಂ ಅವರನ್ನು. ಅವರು ಪಾದ್ರಿಯಲ್ಲ, ಸಂಸಾರಸ್ಥರು, ತಿರುವಾಂಕೂರು ಅರಮನೆಯಲ್ಲಿ ಕೆಲಸಕ್ಕಿದ್ದವರು, ವಿಶ್ವಾಸಕ್ಕಾಗಿ 1752ರಲ್ಲಿ ಗುಂಡೇಟಿಗೆ ಬಲಿಯಾದವರು.

ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಸಂತರಿಗೆ ಪ್ರಾರ್ಥನೆ ಮಾಡುವ ರೂಢಿ ಇಲ್ಲ. ಆದರೆ ವಿಶ್ವಾಸಿಗಳೆಲ್ಲರೂ ಪರಿಶುದ್ಧತೆಗೆ ಕರೆಯಲ್ಪಟ್ಟವರು ಅನ್ನುವುದನ್ನು ಕಥೋಲಿಕರೂ ಒಪ್ಪುತ್ತಾರೆ. ನವೆಂಬರ್ 1ರ ಸಕಲ ಸಂತರ ಹಬ್ಬ ಹೆಸರು ಗೊತ್ತಿಲ್ಲದ ಸಂತರಿಗೂ ಸೇರಿದ್ದು. ಈ ವಿಷಯದಲ್ಲಿ ಪಕ್ಕದ ಮನೆಯವರ ಜೊತೆ ವಾದಕ್ಕೆ ನಿಲ್ಲುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ದಿನದ ಬದುಕಿನ ಪ್ರಶ್ನೆಗಳು

"ವಾರಪೂರ್ತಿ ದಂಧೆದಾಗ ಇರೋರು ನಾವು. ನಮಗ ಪರಿಶುದ್ಧತೆ ಅಂದ್ರ ಏನ್ರಿ?"

ಇದು ನನ್ನದೇ ಪ್ರಶ್ನೆಯೂ ಹೌದು. ಯಾಜಕಕಾಂಡದ 19ನೆಯ ಅಧ್ಯಾಯ ತೆಗೆಯಿರಿ. "ನಾನು ಪರಿಶುದ್ಧನು, ನೀವೂ ಪರಿಶುದ್ಧರಾಗಿರಿ" ಅನ್ನುವ ಮಾತಿನಿಂದ ಅದು ಶುರುವಾಗುತ್ತದೆ. ಪೇತ್ರ ತನ್ನ ಪತ್ರಿಕೆಯಲ್ಲಿ ಎತ್ತಿಕೊಂಡಿದ್ದೂ ಇದನ್ನೇ. ಇಷ್ಟು ದೊಡ್ಡ ಮಾತಿನ ಮುಂದೆ ಉಪವಾಸ, ಧ್ಯಾನ ಬರಬಹುದು ಅಂದುಕೊಳ್ಳುತ್ತೇವೆ. ಬರುವುದು ಏನು ಗೊತ್ತಾ? ಹೊಲದ ಅಂಚಿನವರೆಗೂ ಕೊಯ್ಯಬೇಡ, ಹಕ್ಕಲನ್ನು ಬಡವರಿಗೆ ಬಿಡು. ಕೂಲಿಯವನ ಕೂಲಿಯನ್ನು ರಾತ್ರಿ ಕಳೆಯುವವರೆಗೆ ಇಟ್ಟುಕೊಳ್ಳಬೇಡ. ಕಿವುಡನನ್ನು ಬೈಯಬೇಡ, ಕುರುಡನ ಕಾಲಿಗೆ ಅಡ್ಡ ಹಾಕಬೇಡ. ಚಾಡಿ ಹೇಳುತ್ತ ತಿರುಗಬೇಡ. ನರೆಗೂದಲಿನವರ ಮುಂದೆ ಎದ್ದು ನಿಲ್ಲು. ಪರದೇಶಿಯನ್ನು ನಿನ್ನವನಂತೆ ಪ್ರೀತಿಸು. ತಕ್ಕಡಿ, ತೂಕದ ಕಲ್ಲು ಸರಿಯಾಗಿರಲಿ.

ಒಂದು ಭಾನುವಾರ ಮಕ್ಕಳಿಗೆ ಈ ಪಾಠ ಮಾಡಿದೆ. ಸೋಮವಾರ ಅಂಗಡಿ ತೆಗೆದೆ. ನಾನು ಬೆಲ್ಲವನ್ನು ದಪ್ಪ ರಟ್ಟಿನ ಕಾಗದದ ಮೇಲಿಟ್ಟು ತೂಗುತ್ತಿದ್ದೆ, ಕಾಗದದ ಸಮೇತ. ಎಲ್ಲರೂ ಮಾಡುವುದೇ ಅಂತ ಅದರ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಅವತ್ತು ಬರೀ ಕಾಗದವನ್ನು ತಕ್ಕಡಿಯ ಮೇಲಿಟ್ಟೆ. 18 ಗ್ರಾಂ ತೋರಿಸಿತು. ಒಂದು ಕಿಲೋ ಒಯ್ಯುವವರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ನನ್ನಲ್ಲಿ ಪಾವು ಕಿಲೋ ಒಯ್ಯುವ ಕೂಲಿ ಹೆಣ್ಣುಮಕ್ಕಳೇ ಜಾಸ್ತಿ. 250 ಗ್ರಾಮಿಗೆ 18 ಗ್ರಾಂ ಕಾಗದ, ಅಂದರೆ ನೂರಕ್ಕೆ ಏಳು. ಗಿರಾಕಿ ಎಷ್ಟು ಬಡವರೋ ಅಷ್ಟು ಸಣ್ಣ ಪೊಟ್ಟಣ, ಅಷ್ಟು ದೊಡ್ಡ ಪಾಲು ನನ್ನ ಕಾಗದದ್ದು. ಆ ದಿನ ನಾನು ಕೈಕಟ್ಟಿ ಕೂತೆ. ಎಷ್ಟು ವರ್ಷ, ಎಷ್ಟು ಪೊಟ್ಟಣ! ಈಗ ಮೊದಲು ಕಾಗದ ಇಟ್ಟು, ತಕ್ಕಡಿಯನ್ನು ಸೊನ್ನೆಗೆ ತಂದು, ಆಮೇಲೆ ಬೆಲ್ಲ ಹಾಕುತ್ತೇನೆ.

ನಿಮ್ಮ ದಂಧೆಯಲ್ಲಿ ಆ ಕಾಗದ ಯಾವುದು ಅಂತ ನಿಮಗೇ ಗೊತ್ತಿರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಮಾರುವವರಿಗೆ, ತೂಕ ಬರಲಿ ಅಂತ ಚೀಲಕ್ಕೆ ಚಿಮುಕಿಸುವ ನೀರು. ಹೊಲ ಮಾಡಿಸುವವರಿಗೆ, ಸಂತೆಯ ದಿನಕ್ಕೆ ಮುಂದೂಡಿದ ಕೂಲಿ. ಮೇಸ್ಟ್ರಿಗೆ, ಓದದೆ ಹಾಕಿದ ಮಾರ್ಕು.

"ಕುಡಿಯೂದಿಲ್ಲ, ಸೇದೂದಿಲ್ಲ, ಸಿನೆಮಾಕ್ಕೂ ಹೋಗೂದಿಲ್ಲ. ಇಷ್ಟು ಸಾಲದೇನು?"

ಇದನ್ನು ಹಗುರ ಮಾಡುವುದಿಲ್ಲ. ಕುಡಿತ ಬಿಟ್ಟ ಮನೆಯಲ್ಲಿ ಮಕ್ಕಳ ಮುಖ ಹೇಗೆ ಬದಲಾಗುತ್ತದೆ ಅಂತ ನಾನು ನೋಡಿದ್ದೇನೆ. ಆದರೆ ಬೀಜದ ಜೋಳದ ಗಡಿಗೆಗೆ ಹುಳ ಬಿದ್ದಿಲ್ಲ ಅನ್ನುವುದು ಒಂದು, ಅದನ್ನು ಬಿತ್ತಿದೆವು ಅನ್ನುವುದು ಇನ್ನೊಂದು. ಕೊಲೊಸ್ಸೆಯವರಿಗೆ ಪೌಲ ಸಿಟ್ಟು, ದ್ವೇಷ, ಸುಳ್ಳು ತೆಗೆದುಹಾಕಿ ಅಂದ ಕೂಡಲೇ, ತೊಟ್ಟುಕೊಳ್ಳಬೇಕಾದ್ದನ್ನೂ ಹೇಳುತ್ತಾನೆ: ಕನಿಕರ, ದಯೆ, ದೀನಭಾವ, ತಾಳ್ಮೆ. ಹಳೆ ಅಂಗಿ ಕಳೆದು ಬರಿಮೈಯಲ್ಲಿ ನಿಲ್ಲುವುದಲ್ಲ. ಸೊಸೆಯ ಜೊತೆ ನೀವು ಮಾತಾಡುವ ಧಾಟಿಯೂ ಇದರಲ್ಲಿ ಬರುತ್ತದೆ.

"ಸುಗ್ಗಿ ಹಬ್ಬದಾಗ ಒಂದು ನಿಂಬಿಹಣ್ಣು ಸಾವಿರಕ್ಕ ಸವಾಲು ಆಯ್ತು. ನಮ್ಮ ಕಡಿಂದ ಐವತ್ತೂ ಆಗಲಿಲ್ಲ. ನಾವು ಸಣ್ಣವರೇನು?"

ಅಲ್ಲ. ಯೆರೂಸಲೇಮಿನ ಬಡ ದೇವಜನರಿಗಾಗಿ ಪೌಲ ಹಣ ಕೂಡಿಸಿದಾಗ ಅವನು ಮೆಚ್ಚಿ ಬರೆದದ್ದು ಕಡುಬಡವರಾಗಿದ್ದ ಮಕೆದೋನ್ಯದವರ ಬಗ್ಗೆ. ಸವಾಲು ಕೂಗುವವರು ಸಂತೋಷದಿಂದ ಕೂಗಲಿ. ಕಮಿಟಿಯವರಿಗೆ ನನ್ನದೊಂದು ವಿನಂತಿ: ಒಂದು ಸೇರು ಜೋಳ ತಂದವರ ಹೆಸರನ್ನೂ ಅದೇ ದನಿಯಲ್ಲಿ ಓದಿ.

"ನಾ ಸಾಲಿ ಕಲ್ತಿಲ್ಲ, ಹಾಡಾಕೂ ಬರೂದಿಲ್ಲ. ನನ್ನಿಂದ ಏನಾಕ್ಕೈತಿ ತಮ್ಮಾ?"

ಬೆಟಗೇರಿಯ ಒಬ್ಬ ಅಜ್ಜಿ ಕೇಳಿದ್ದು. ಎಫೆಸದವರಿಗೆ ಬರೆದ ಪತ್ರಿಕೆಯ ಪ್ರಕಾರ ಸಭಾಪಾಲಕರೂ ಬೋಧಕರೂ ಇರುವುದೇ ದೇವಜನರನ್ನು ಸೇವೆಗೆ ತಯಾರು ಮಾಡಲಿಕ್ಕೆ. ಸೇವೆ ಮಾಡುವವರು ದೇವಜನರೇ. ಪಾಸ್ಟರ್ ಮಾಡುವುದನ್ನು ನಾವು ಕೂತು ನೋಡುವುದಲ್ಲ.

ಅಜ್ಜಿಗೆ ನಾನು ಯೊಪ್ಪದ ತಬಿಥಾಳ ಕತೆ ಹೇಳಿದೆ. ಅಪೊಸ್ತಲರ ಕೃತ್ಯಗಳು, 9ನೆಯ ಅಧ್ಯಾಯ. ಆಕೆ ಒಂದು ಪ್ರಸಂಗ ಮಾಡಿದ್ದು ಎಲ್ಲೂ ಬರೆದಿಲ್ಲ. ಬಟ್ಟೆ ಹೊಲಿಯುತ್ತಿದ್ದಳು. ಸತ್ತಾಗ ಊರ ವಿಧವೆಯರು ಆಕೆ ಹೊಲಿದುಕೊಟ್ಟ ಅಂಗಿಗಳನ್ನು ಪೇತ್ರನಿಗೆ ತೋರಿಸುತ್ತ ಅತ್ತರು. ಪೇತ್ರ ಆಕೆಯನ್ನು ಎಬ್ಬಿಸಿ, ದೇವಜನರನ್ನೂ ವಿಧವೆಯರನ್ನೂ ಕರೆದು ಒಪ್ಪಿಸಿದ. ಮಗ್ಗದ ಸದ್ದಿನಲ್ಲೇ ಬೆಳೆದ ಅಜ್ಜಿಗೆ ಅಂಗಿಯ ಮಾತು ಬೇಗ ತಿಳಿಯಿತು. "ಆಸ್ಪತ್ರ್ಯಾಗ ಮಲಗಿದವರ ಜೋಡಿ ಬಂದಿರ್ತಾರಲ್ಲ, ಅವರು ಉಂಡಿರೂದಿಲ್ಲ" ಅಂದರು. ಈಗ ವಾರಕ್ಕೊಂದು ದಿನ ಎಂಟು ಹತ್ತು ರೊಟ್ಟಿ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿಕೊಂಡು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂರುತ್ತಾರೆ. ಯಾರ ಜಾತಿ, ಧರ್ಮ ಕೇಳುವುದಿಲ್ಲ. ರೊಟ್ಟಿ ಕೊಟ್ಟು ಉಪದೇಶ ಮಾಡುವುದೂ ಇಲ್ಲ.

ಸ್ವಲ್ಪ ಕಷ್ಟದ ಪ್ರಶ್ನೆಗಳು

"ಹೊಲದ ಪಾಲಿನ ಸಲುವಾಗಿ ಅಣ್ಣನ ಮ್ಯಾಲ ಕೇಸ್ ಹಾಕೀನಿ. ಕರ್ತನ ಭೋಜನ ತೊಗೋಬಹುದೇನು?"

ಮತ್ತಾಯನ ಐದನೆಯ ಅಧ್ಯಾಯದಲ್ಲಿ ಯೇಸು ಹೇಳಿದ್ದು ನೇರವಾಗಿದೆ. ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಹೋಗಿ ಸಹೋದರನ ಸಂಗಡ ಒಂದಾಗು. ಗಮನಿಸಿ, ತಪ್ಪು ಯಾರದು ಅಂತ ಅಲ್ಲಿ ಮೊದಲು ಕೇಳಿಲ್ಲ. "ನಿನ್ನ ಮೇಲೆ ಅವನಿಗೆ ಏನಾದರೂ ಇದ್ದರೆ" ಅಂತಿದೆ. ಪೌಲ ಕೊರಿಂಥದವರಿಗೆ, ನಿಮ್ಮಲ್ಲಿ ಒಬ್ಬ ಬುದ್ಧಿವಂತನೂ ಇಲ್ಲವೇ ತೀರ್ಮಾನ ಮಾಡಲಿಕ್ಕೆ, ಅಂತ ಕೇಳಿದ. ಅದಕ್ಕೆ ನನ್ನ ಸಲಹೆ: ಕೇಸು ಧಾರವಾಡದ ಹೈಕೋರ್ಟ್ ಪೀಠದವರೆಗೆ ಹೋಗಿ ಇಬ್ಬರ ಹೊಲವೂ ಖರ್ಚಿಗೆ ಕರಗುವ ಮೊದಲು, ಇಬ್ಬರಿಗೂ ನಂಬಿಕೆ ಇರುವ ಇಬ್ಬರು ಹಿರಿಯರನ್ನು ಕೂರಿಸಿ. ಅಣ್ಣನ ಮನೆಗೆ ಒಮ್ಮೆ ನೀವೇ ಹೋಗಿ. ನೀರು ಕೊಟ್ಟರೆ ಕುಡಿಯಿರಿ. ಭೋಜನದ ವಿಷಯ ನಿಮ್ಮ ಪಾಸ್ಟರ್ ಹತ್ತಿರ ಮುಚ್ಚುಮರೆ ಇಲ್ಲದೆ ಮಾತಾಡಿ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕೊರಿಂಥದವರಿಗೆ ಪೌಲ ಬರೆದ ಈ ಮಾತು ಹೊಲ, ಹಣದ ವ್ಯಾಜ್ಯಕ್ಕೆ ಸೇರಿದ್ದು. ಗಂಡ ಹೊಡೆಯುತ್ತಿದ್ದರೆ, ಮಗುವಿನ ಮೇಲೆ ಯಾರಾದರೂ ಕೈ ಮಾಡಿದರೆ, "ಸಭೆಯ ಮಾತು ಸಭೆಯಲ್ಲೇ ಇರಲಿ" ಅನ್ನುವುದು ಪಾಪ. ಪೊಲೀಸ್ ಠಾಣೆಗೆ ಹೋಗಬೇಕು. ಹೋಗುವವರ ಜೊತೆ ಸಭೆಯವರು ನಿಲ್ಲಬೇಕು. ದೇವಜನರ ಹೆಸರು ಕೆಡುವುದು ಮುಚ್ಚಿಟ್ಟಾಗ.

"ಕರ್ತನ ಭೋಜನಕ್ಕ ಒಂದ ಪಾತ್ರೆ. ಮಗಳ ಸಂಬಂಧ ಬಂತಂದ್ರ ಅಜ್ಜ ಮುತ್ತಜ್ಜ ಯಾವ ಜಾತಿ ಅಂತ ಕೇಳ್ತಾರ. ಇದೇನಿದು?"

ನನಗೆ ಎಲ್ಲಕ್ಕಿಂತ ನೋವು ಕೊಡುವ ಪ್ರಶ್ನೆ ಇದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅವರಲ್ಲೂ ಕೊರತೆಗಳಿದ್ದವು. ಆದರೆ ಜಾತಿಯನ್ನು ಸಭೆಯ ಬಾಗಿಲ ಹೊರಗೇ ಬಿಟ್ಟು ಬರಬೇಕು ಅನ್ನುವುದರಲ್ಲಿ ಅವರು ಬಿಗಿಯಾಗಿದ್ದರು. ಅದಕ್ಕೇ ನಮ್ಮ ಹಿರಿಯರಲ್ಲಿ ಎಷ್ಟೋ ಜನ ಮನೆ, ಬಂಧು, ಆಸ್ತಿ ಕಳೆದುಕೊಂಡರು. ಅವರು ಅಷ್ಟು ಕೊಟ್ಟು ಬಿಟ್ಟುಬಂದದ್ದನ್ನು ನಾವು ಮದುವೆ ಮಾತುಕತೆಯಲ್ಲಿ ಸುಮ್ನೆ ವಾಪಸ್ ತರುತ್ತಿದ್ದೇವೆ.

ಕೊರಿಂಥದಲ್ಲಿ ಭೋಜನ ಕೆಟ್ಟದ್ದು ರೊಟ್ಟಿಯಲ್ಲಿ ದೋಷವಿದ್ದು ಅಲ್ಲ. ಒಬ್ಬರು ಇನ್ನೊಬ್ಬರಿಗಾಗಿ ಕಾಯಲಿಲ್ಲ, ಇಲ್ಲದವರಿಗೆ ನಾಚಿಕೆ ಮಾಡಿದರು. "ನೀವು ಮಾಡುವುದು ಕರ್ತನ ಭೋಜನವೇ ಅಲ್ಲ" ಅಂದುಬಿಟ್ಟ ಪೌಲ. ಹರಳಯ್ಯ, ಮಧುವರಸರ ಮಕ್ಕಳ ಮದುವೆಗೆ ಕಲ್ಯಾಣವೇ ಹೊತ್ತಿ ಉರಿದ ಕತೆ ಕೇಳಿ ಬೆಳೆದ ನಾಡು ನಮ್ಮದು. ಜಾತಿ ಕೊನೆಗೆ ಮುರಿಯಬೇಕಾದದ್ದು ಊಟದ ಮನೆಯಲ್ಲಿ, ಮದುವೆಯ ಹಂದರದಲ್ಲಿ ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಮಗಳಿಗೆ ಸಂಬಂಧ ಬಂದಾಗ ಆ ಪ್ರಶ್ನೆಯನ್ನು ನೀವು ಕೇಳಬೇಡಿ. ಅವರು ಕೇಳಿದರೆ ಉತ್ತರ ಕೊಡಬೇಡಿ. ಒಳ್ಳೆಯ ಸಂಬಂಧ ತಪ್ಪಿ ಹೋಗಬಹುದು, ಗೊತ್ತು. ಆದರೂ ಹೇಳುತ್ತೇನೆ.

"ನಮ್ಮ ಮನ್ಯಾಗ ನಾ ಒಬ್ಬಾಕೀನ ವಿಶ್ವಾಸಿ. ಮನೀ ಮಂದಿ ನಡುವ ಬ್ಯಾರೆ ಆಗಿ ಇರಬೇಕೇನ್ರಿ?"

ಕೊರಿಂಥದ ಸಭೆಯಲ್ಲೂ ನಿಮ್ಮಂಥ ಹೆಣ್ಣುಮಕ್ಕಳಿದ್ದರು. ಗಂಡ ಒಟ್ಟಿಗೆ ಬಾಳಲು ಒಪ್ಪಿದರೆ ಬಿಡಬೇಡ ಅಂತ ಪೌಲ ಬರೆದ. ಹೆಂಡತಿಯಿಂದ ಗಂಡನೂ ಪವಿತ್ರನಾಗುತ್ತಾನೆ ಅಂತಲೂ ಹೇಳಿದ. ಅಂದರೆ ಮೈಲಿಗೆ ನಿಮಗೆ ತಗಲುತ್ತದೆ ಅನ್ನುವ ಭಯ ಬೇಡ, ಹರಿಯುವ ದಿಕ್ಕು ಅದಕ್ಕೆ ತಿರುಗುಮುರುಗು. ಪೂಜೆಯಲ್ಲಿ ಕೂರಲಾರೆ ಅನ್ನುವುದನ್ನು ಮೆತ್ತಗೆ ಹೇಳಿ. ಆದರೆ ಹಬ್ಬದ ಹಿಂದಿನ ರಾತ್ರಿ ಹೋಳಿಗೆಗೆ ಹೂರಣ ರುಬ್ಬಲು ಅತ್ತೆಯ ಜೊತೆ ಕೂರಿ.

"ಸತ್ತು ಹೋದವರೂ ನಮ್ಮ ಜೋಡಿ ಇರ್ತಾರೇನು? ವಿಶ್ವಾಸ ಪ್ರಮಾಣದಾಗ ಪರಿಶುದ್ಧರ ಅನ್ಯೋನ್ಯತೆ ಅಂತೀವಲ್ಲ?"

ಇಬ್ರಿಯರಿಗೆ ಬರೆದ ಪತ್ರಿಕೆ, ಮೇಘದಂತೆ ಸಾಕ್ಷಿಗಳ ದೊಡ್ಡ ಗುಂಪು ನಮ್ಮ ಸುತ್ತ ಇದೆ ಅನ್ನುತ್ತದೆ. ಅವರು ಎಲ್ಲಿ, ಹೇಗೆ ಇದ್ದಾರೆ ಅನ್ನುವುದನ್ನು ಸತ್ಯವೇದ ಬಿಡಿಸಿ ಹೇಳುವುದಿಲ್ಲ, ನಾನೂ ಊಹಿಸಲಾರೆ. ಕ್ರಿಸ್ತನಲ್ಲಿ ಇರುವವರು ಅವನಿಂದ ಕಳೆದುಹೋಗುವುದಿಲ್ಲ ಅನ್ನುವಷ್ಟು ಗಟ್ಟಿಯಾಗಿ ಹೇಳಬಲ್ಲೆ. ನನ್ನ ಅವ್ವ ತೀರಿಹೋದ ಮೇಲೆ ಆರಾಧನೆಯಲ್ಲಿ ಆ ಸಾಲು ಬಂದಾಗ ನಾನು ಅವಳ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ.

"ಎಷ್ಟು ಸಲ ಬಿಟ್ಟೀನಿ, ಮತ್ತ ಕುಡೀತೀನಿ. ನನ್ನಂಥವನೂ ದೇವಜನ ಏನು?"

ಹೌದು ತಮ್ಮಾ, ನೀನೂ. "ನಾನು ಈಗಲೇ ಗುರಿ ಮುಟ್ಟಿದೆನೆಂದಲ್ಲ, ಬೆನ್ನಟ್ಟುತ್ತಿದ್ದೇನೆ" ಅನ್ನುವ ಅರ್ಥದಲ್ಲಿ ಪೌಲನೇ ಫಿಲಿಪ್ಪಿಯವರಿಗೆ ಬರೆದ. ಒಂದೇ ಮನುಷ್ಯ ಕ್ಷಮೆ ಪಡೆದವನೂ ಪಾಪಿಯೂ ಹೌದು ಅಂತ ಲೂಥರ್ ಹೇಳಿದರು. ಬಿದ್ದೆ ಅನ್ನುವ ಕಾರಣಕ್ಕೆ ಆ ಹೆಸರನ್ನು ನಿನ್ನಿಂದ ಯಾರೂ ಕಿತ್ತುಕೊಳ್ಳುವುದಿಲ್ಲ.

ಆದರೆ ಒಬ್ಬನೇ ಹೋರಾಡಬೇಡ. ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿರಿ ಅಂತ ಯಾಕೋಬ ಬರೆದದ್ದು ಇದಕ್ಕೇ. ನಂಬುವಂಥ ಇಬ್ಬರಿಗೆ ಹೇಳು. ಮತ್ತೆ, ಕುಡಿತ ದೇಹಕ್ಕೂ ಹತ್ತಿದ ರೋಗ. ಪ್ರಾರ್ಥನೆ ಮಾಡುವವರು ಔಷಧಿ ತೆಗೆದುಕೊಳ್ಳಬಾರದು ಅಂತ ಎಲ್ಲೂ ಇಲ್ಲ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು, ಅದಕ್ಕೆ ಡಾಕ್ಟರ ಕೈಯಲ್ಲೇ ಬಿಡಬೇಕು. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಈ ಚಟಕ್ಕೆ ಚಿಕಿತ್ಸೆ ಇದೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಇದೆ. ಒಬ್ಬನೇ ಹೋಗಲು ನಾಚಿಕೆ ಆದರೆ ಅಂಗಡಿಗೆ ಬಾ. ಆ ದಿನ ಅರ್ಧ ಬಾಗಿಲು ಹಾಕಿ ನಿನ್ನ ಜೊತೆ ನಾನೇ ಬರುತ್ತೇನೆ.